ನಾಲ್ಕು ದಿನ ಕಾರಿಲ್ಲದೆ ಓಡಾಡಲು ಯಾವ ಊರು ಒಳ್ಳೆಯದು?

ಪ್ಲೇನೋ, ಟೆಕ್ಸಾಸ್ (ಮೂಲ ಪ್ರಶ್ನೆ. ಪ್ರತಿ ಬರಹದ ಮೇಲೆ ಇರುವುದು ಬರೆದವರ ಊರು)

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್ ತಿಂಗಳ ಎರಡನೆಯ ಸೋಮವಾರ ಮಗನ ಶಾಲೆಗೆ ರಜೆ ಇರುವುದರಿಂದ, ಹಿಂದಿನ ಶುಕ್ರವಾರವನ್ನೂ ಸೇರಿಸಿಕೊಂಡು ನಾಲ್ಕು ದಿನ ಎಲ್ಲಿಗಾದರೂ ಹೋಗಿಬರಬೇಕೆಂದಿದ್ದೇವೆ. ನಾವಿಬ್ಬರು, ಏಳು ವರ್ಷದ ಮಗ, ಎರಡು ವರ್ಷದ ಮಗಳು, ಜೊತೆಗೆ ಮಲ್ಲೇಶ್ವರದಿಂದ ಬಂದಿರುವ ನಮ್ಮ ಅತ್ತೆಯವರು. ನನ್ನ ಷರತ್ತು ಒಂದೇ: ಆ ನಾಲ್ಕು ದಿನ ನಾವು ಕಾರು ಹತ್ತಬಾರದು.

ಕಳೆದ ವಾರ ಅತ್ತೆಯವರು ಕೊತ್ತಂಬರಿ ಸೊಪ್ಪು ತರುತ್ತೇನೆಂದು ಕೈಚೀಲ ಹಿಡಿದು ಹೊರಟರು. ಅಂಗಡಿ ಇರುವುದು ಮುಕ್ಕಾಲು ಮೈಲಿ ದೂರದಲ್ಲಿ. ಆದರೆ ನಮ್ಮ ಬಡಾವಣೆಯ ಗೇಟು ದಾಟಿದ ಸ್ವಲ್ಪ ಹೊತ್ತಿಗೆ ಫುಟ್‌ಪಾತ್ ಹುಲ್ಲಿನಲ್ಲಿ ಮುಗಿದುಹೋಗುತ್ತದೆ, ಆಚೆಗೆ ಆರು ಸಾಲಿನ ರಸ್ತೆ. ಅವರು ಅಲ್ಲಿ ಏನೂ ತೋಚದೆ ನಿಂತಿದ್ದಾಗ ಯಾರೋ ಪುಣ್ಯಾತ್ಮರು ಕಾರು ನಿಲ್ಲಿಸಿ, ದಾರಿ ತಪ್ಪಿತೇ ಎಂದು ಕೇಳಿ ಮನೆಗೆ ತಂದು ಬಿಟ್ಟರು. ಊರಿನಲ್ಲಿ ದಿನಕ್ಕೆರಡು ಸಲ ಸಂಪಿಗೆ ರಸ್ತೆಯ ತನಕ ಹೋಗಿ ಬರುತ್ತಿದ್ದವರು ಅಂದಿನಿಂದ ಹೊರಗೆ ಕಾಲಿಟ್ಟಿಲ್ಲ. ಚೀಲ ಅಡುಗೆಮನೆಯ ಕೊಕ್ಕೆಯಲ್ಲಿಯೇ ಇದೆ.

ಮಗನದು ಬೇರೆ ಚಿಂತೆ. ಅವನಿಗೆ ರಸ್ತೆ ದಾಟಲು ಬರುವುದಿಲ್ಲ. ಹೋದ ವರ್ಷ ಬೆಂಗಳೂರಿನಲ್ಲಿ ಅಜ್ಜಿಯ ಮನೆಯ ಹೊಸ್ತಿಲು ದಾಟಿದ ಕೂಡಲೇ, ಹಾಲಿನ ಬೂತಿಗೆ ಹೋಗುವುದಕ್ಕೂ, ಕಾರು ಬರಲೆಂದು ನಿಂತುಬಿಡುತ್ತಿದ್ದ.

ಅತ್ತೆಯವರಿಗೆ ಮಂಡಿನೋವಿದೆ. ಅರ್ಧ ಗಂಟೆ ನಡೆದರೆ ಹತ್ತು ನಿಮಿಷ ಕೂರಬೇಕು, ಮೆಟ್ಟಿಲು ಕಷ್ಟ. ಮಗಳಿಗೆ ಸ್ಟ್ರೋಲರ್ ಬೇಕು. ಎಲ್ಲರೂ ಸಸ್ಯಾಹಾರಿಗಳು. ದಯವಿಟ್ಟು ಅನುಭವವಿದ್ದವರು ತಿಳಿಸಿ.

ಬಾಸ್ಟನ್

ತಂಗಿ, ಯೋಚಿಸುವುದೇ ಬೇಡ, ನಮ್ಮ ಬಾಸ್ಟನ್‌ಗೆ ಬನ್ನಿ. 1634ರಲ್ಲಿ ಮೀಸಲಿಟ್ಟ ಬಾಸ್ಟನ್ ಕಾಮನ್ ಉದ್ಯಾನದಿಂದ ಬಂಕರ್ ಹಿಲ್ ಸ್ಮಾರಕದವರೆಗೆ ಎರಡೂವರೆ ಮೈಲಿಯ ಫ್ರೀಡಂ ಟ್ರೇಲ್ ಇದೆ, ದಾರಿಯಲ್ಲಿ 16 ಐತಿಹಾಸಿಕ ತಾಣಗಳು. ನೆಲದ ಮೇಲೆ ಉದ್ದಕ್ಕೂ ಕೆಂಪು ಗೆರೆ ಎಳೆದಿದ್ದಾರೆ, ಅದರ ಮೇಲೆಯೇ ಹೆಜ್ಜೆ ಹಾಕುತ್ತಾ ಹೋದರೆ ಸಾಕು. ನನ್ನ ಮಗಳು ಆರು ವರ್ಷದವಳಿದ್ದಾಗ ಒಂದು ಪಾದದ ಬೆರಳಿಗೆ ಇನ್ನೊಂದು ಪಾದದ ಹಿಮ್ಮಡಿ ತಾಗಿಸುತ್ತಾ ನಾಲ್ಕು ತಾಣ ದಾಟಿದಳು, ಎತ್ತಿಕೋ ಎಂದು ಒಮ್ಮೆಯೂ ಕೇಳಲಿಲ್ಲ. ಲೋಗನ್ ವಿಮಾನ ನಿಲ್ದಾಣದಿಂದ ಊರೊಳಗೆ ಬರುವ ಸಿಲ್ವರ್ ಲೈನ್ ಬಸ್ಸಿಗೆ ಹಣ ಕೊಡಬೇಕಿಲ್ಲ. ಅಮೆರಿಕದ ಮೊದಲ ಸುರಂಗ ರೈಲು 1897ರಲ್ಲಿ ಓಡಿದ್ದೂ ಇಲ್ಲಿಯೇ ಎಂಬುದು ನಮ್ಮ ಊರಿನ ಹೆಮ್ಮೆ.

ಫೇರ್‌ಫ್ಯಾಕ್ಸ್, ವರ್ಜೀನಿಯಾ

ಬಾಸ್ಟನ್ ಸುಂದರವಾದ ಊರು, ಒಪ್ಪುತ್ತೇನೆ. ಆದರೆ ಮಂಡಿನೋವಿನವರಿಗೆ ಬೀಕನ್ ಹಿಲ್‌ನ ಏರುಪೇರಾದ ಇಟ್ಟಿಗೆಯ ಫುಟ್‌ಪಾತ್ ಆಗಿಬರುವುದಿಲ್ಲ. ಕಾಮನ್‌ನ ಮೂಲೆಯಲ್ಲೇ ಇರುವ ಬಾಯ್ಲ್‌ಸ್ಟನ್ ನಿಲ್ದಾಣಕ್ಕೆ ಲಿಫ್ಟ್ ಕೂಡ ಇಲ್ಲ. ನಮ್ಮ ಪಕ್ಕದ ವಾಷಿಂಗ್ಟನ್‌ಗೆ ಬನ್ನಿ. ಇಲ್ಲಿನ ಮೆಟ್ರೋ ಶುರುವಾದದ್ದು 1976ರಲ್ಲಿ, ಪ್ರತಿಯೊಂದು ನಿಲ್ದಾಣಕ್ಕೂ ಲಿಫ್ಟ್ ಇದೆ, ರೀಗನ್ ವಿಮಾನ ನಿಲ್ದಾಣದ ಬಾಗಿಲಿನಲ್ಲೇ ರೈಲು ಸಿಗುತ್ತದೆ. ಸ್ಮಿತ್‌ಸೋನಿಯನ್ ಸಂಗ್ರಹಾಲಯಗಳಿಗೆ ಪ್ರವೇಶ ಶುಲ್ಕವಿಲ್ಲ; ಮಗು ಅಳಲು ಶುರುಮಾಡಿದರೆ ಹಣ ಕೊಟ್ಟೆವಲ್ಲ ಎಂಬ ಸಂಕಟವಿಲ್ಲದೆ ಎದ್ದು ಬರಬಹುದು. ಊರಿನಿಂದ ಬಂದ ನಮ್ಮ ನೆಂಟರನ್ನೆಲ್ಲ ನಾನು ಅಲ್ಲಿಗೇ ಕರೆದೊಯ್ದಿದ್ದೇನೆ. ಯಾರೂ ಬೇಸರಪಟ್ಟುಕೊಂಡಿಲ್ಲ.

ಜರ್ಸಿ ಸಿಟಿ, ನ್ಯೂಜೆರ್ಸಿ

ಅಮ್ಮಾ, ಕಟುವಾಗಿ ಹೇಳುತ್ತಿದ್ದೇನೆ, ಕ್ಷಮಿಸಿ. ಇಪ್ಪತ್ತೆಂಟು ವರ್ಷಗಳಿಂದ ಈ ದೇಶದಲ್ಲಿದ್ದೇನೆ. ನಾಲ್ಕು ದಿನ ನಡೆದು ಐದನೆಯ ದಿನ ಮತ್ತೆ ಅದೇ ಕಾರಿನಲ್ಲಿ ಮಗನನ್ನು ಕಟ್ಟಿ ಕೂರಿಸುವುದಾದರೆ ಈ ಪ್ರವಾಸದಿಂದ ಅವನಿಗೆ ಏನು ದಕ್ಕುತ್ತದೆ? ನೀವು ಕೇಳಬೇಕಾದ ಪ್ರಶ್ನೆ ಯಾವ ಊರಿಗೆ ಹೋಗಬೇಕೆಂಬುದಲ್ಲ, ಯಾವ ಊರಿನಲ್ಲಿ ಇರಬೇಕೆಂಬುದು.

1956ರ ಹೆದ್ದಾರಿ ಕಾಯಿದೆಯ ನಂತರ ಈ ದೇಶದಲ್ಲಿ ಬಡಾವಣೆಗಳನ್ನು ಕಾರಿನ ಅಳತೆಗೇ ಕಟ್ಟುತ್ತಾ ಬಂದರು. ನಮ್ಮವರು ಬಂದವರೇ ದೊಡ್ಡ ಮನೆ, ಎರಡು ಗ್ಯಾರೇಜು, ಹಿತ್ತಿಲು ಎಂದು ಅಂಥಲ್ಲಿಗೇ ಹೋಗಿ ಸೇರಿಕೊಂಡರು. ನಾನು ಚಿಕ್ಕ ಮನೆಯಲ್ಲೇ ಉಳಿದೆ. ನನ್ನ ಇಬ್ಬರು ಮಕ್ಕಳೂ ಶಾಲೆಗೆ, ಗ್ರಂಥಾಲಯಕ್ಕೆ, ಕ್ಷೌರದಂಗಡಿಗೆ ನಡೆದೇ ಹೋದರು. ಹನ್ನೆರಡು ವರ್ಷಕ್ಕೆ ದೊಡ್ಡವನು ತಾನೇ ಪಾತ್ ರೈಲು ಹತ್ತಿ ನದಿಯಾಚೆ ನ್ಯೂಯಾರ್ಕಿನ ಮ್ಯಾನ್‌ಹಟನ್‌ಗೆ ಹೋಗಿ ಬಂದ. ನಮ್ಮ ತಾಯಿ ಬಂದಿದ್ದಾಗ ನ್ಯೂಯಾರ್ಕಿನ 7ನೆಯ ನಂಬರಿನ ರೈಲಿನ ಕೊನೆಯ ನಿಲ್ದಾಣದಲ್ಲಿ ಇಳಿದು, ಅಲ್ಲಿಂದ ನಡೆದು ಫ್ಲಶಿಂಗ್‌ನ ಗಣೇಶನ ಗುಡಿಗೆ ಹೋಗಿ, ನೆಲಮಾಳಿಗೆಯ ಕ್ಯಾಂಟೀನಿನಲ್ಲಿ ದೋಸೆ ತಿಂದು ಬರುತ್ತಿದ್ದೆವು. ಇಂಗ್ಲಿಷ್ ಬಾರದಿದ್ದರೂ ಆರು ತಿಂಗಳು ಅವರು ಮನೆಯೊಳಗೆ ಕೊಳೆಯಲಿಲ್ಲ. ಮನೆ ಮಾರಿ. ಮಕ್ಕಳು ಚಿಕ್ಕವರಿದ್ದಾಗಲೇ ಮಾರಿ.

ನೇಪರ್‌ವಿಲ್, ಇಲಿನಾಯ್

ಸರ್, ತಮ್ಮ ಹಿರಿತನದ ಬಗ್ಗೆ ಗೌರವವಿದೆ. ಆದರೆ ನಾವು ಹೊರವಲಯಕ್ಕೆ ಬಂದದ್ದು ಗ್ಯಾರೇಜಿನ ಆಸೆಗಲ್ಲ, ಶಾಲೆಗಾಗಿ. ಇಲ್ಲಿನ ಸರ್ಕಾರಿ ಶಾಲೆಗಳಿಗೆ ಆಯಾ ಊರಿನ ಆಸ್ತಿ ತೆರಿಗೆಯ ಹಣವೇ ದೊಡ್ಡ ಆಧಾರವಾಗಿರುವಾಗ, ಒಳ್ಳೆಯ ಶಾಲೆಯ ವಿಳಾಸ ಹುಡುಕಿದ್ದು ತಪ್ಪೆಂದು ಯಾವ ತಂದೆತಾಯಿಗೂ ಹೇಳಲಾಗದು. ನಮ್ಮ ಮಕ್ಕಳು ನಡೆಯುವುದಿಲ್ಲವೆಂಬುದೂ ಸುಳ್ಳು. ವಾರಕ್ಕೆ ಮೂರು ದಿನ ಫುಟ್‌ಬಾಲ್ ಆಡುತ್ತಾರೆ.

ಜರ್ಸಿ ಸಿಟಿ, ನ್ಯೂಜೆರ್ಸಿ

ಆಟದ ಮೈದಾನಕ್ಕೂ ಅವರನ್ನು ಕಾರಿನಲ್ಲೇ ಬಿಡುತ್ತೀರಲ್ಲವೇ? ನಾನು ಹೇಳುತ್ತಿರುವುದು ವ್ಯಾಯಾಮದ ಮಾತಲ್ಲ. ತಾನಾಗಿ ಒಂದು ಕಡೆ ಹೋಗಿ ತಾನಾಗಿ ವಾಪಸು ಬರುವ ಧೈರ್ಯದ ಮಾತು.

ಫ್ರೀಮಾಂಟ್, ಕ್ಯಾಲಿಫೋರ್ನಿಯಾ

ಈ ಮಾತು ಓದಿ ನನಗೆ ನಮ್ಮ ತಂದೆಯವರ ನೆನಪಾಯಿತು. ಮೈಸೂರಿನಲ್ಲಿ ಎಪ್ಪತ್ತು ದಾಟಿದ ಮೇಲೂ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತಿದ್ದವರು. ಇಲ್ಲಿಗೆ ಬಂದಾಗ ನಾನು ವಾರಾಂತ್ಯಗಳಲ್ಲಿ ಯೊಸೆಮಿಟಿ, ಗ್ರ್ಯಾಂಡ್ ಕ್ಯಾನ್ಯನ್, ಲಾಸ್ ವೇಗಸ್ ಎಂದು ಸಾವಿರಾರು ಮೈಲಿ ಕಾರಿನಲ್ಲಿ ಸುತ್ತಿಸಿದೆ. ಹೊರಡುವ ಹಿಂದಿನ ದಿನ ಅವರು ಕೇಳಿದ್ದು, "ಇಲ್ಲಿ ಒಂದು ಪೇಪರ್ ತರೋದಕ್ಕೆ ನಡೆದು ಹೋಗೋ ಹಾಗೆ ಅಂಗಡಿ ಎಲ್ಲೂ ಇಲ್ಲವೇನಪ್ಪ?" ಎಂದು. ಎರಡನೆಯ ಸಲ ಅವರು ಬರಲೇ ಇಲ್ಲ, ಈಗ ಅವರಿಲ್ಲ. ತಂಗಿ, ಎಲ್ಲಿಗಾದರೂ ಸರಿ, ಅತ್ತೆಯವರನ್ನು ಕರೆದುಕೊಂಡು ಹೋಗು.

ಪ್ಲೇನೋ, ಟೆಕ್ಸಾಸ್

ನಿಮ್ಮ ಮಾತು ಮನಸ್ಸಿಗೆ ತಾಕಿತು ಅಣ್ಣ. ಮನೆ ಮಾರುವ ವಿಷಯ ನಮ್ಮ ಕೈಯಲ್ಲಿ ಸದ್ಯಕ್ಕಿಲ್ಲ. ಇವರ ಕೆಲಸ ಇರುವುದು ಇಲ್ಲಿಯೇ. ಅಕ್ಟೋಬರ್‌ನ ನಾಲ್ಕು ದಿನಗಳ ಬಗ್ಗೆ ಮಾತ್ರ ಯಾರಾದರೂ ಹೇಳುವಿರಾ? ಮಂಡಿ, ಸ್ಟ್ರೋಲರ್, ಊಟ, ಈ ಮೂರೇ ನನ್ನ ಪ್ರಶ್ನೆ.

ಫಿಲಡೆಲ್ಫಿಯಾ

ಅಕ್ಕ, ನಾವು ಹೋದ ವರ್ಷ ಇಂಥದೇ ಪರಿವಾರವನ್ನು ಕಟ್ಟಿಕೊಂಡು ಮೂರು ಊರು ನೋಡಿದೆವು. ಆಗ ಕಂಡದ್ದನ್ನು ಹೇಳುತ್ತೇನೆ. ವಾಷಿಂಗ್ಟನ್‌ನಲ್ಲಿ ಕ್ಯಾಪಿಟಲ್ ಕಟ್ಟಡದಿಂದ ಲಿಂಕನ್ ಸ್ಮಾರಕಕ್ಕೆ ಸುಮಾರು ಎರಡು ಮೈಲಿ. ನಕ್ಷೆಯಲ್ಲಿ ಎಲ್ಲವೂ ಅಕ್ಕಪಕ್ಕದಲ್ಲಿ ಕಂಡರೂ ನಡೆಯುವಾಗ ಬಯಲು ಮುಗಿಯುವುದಿಲ್ಲ, ನಮ್ಮ ಅಮ್ಮನಿಗೆ ಅರ್ಧದಲ್ಲೇ ಸಾಕಾಯಿತು. ಬಾಸ್ಟನ್‌ನಲ್ಲಿ ಅಕ್ಟೋಬರ್ ಎಂದರೆ ಎಲೆ ಬಣ್ಣ ತಿರುಗುವ ಕಾಲ, ಹೋಟೆಲ್ ಬಾಡಿಗೆ ವಿಪರೀತ.

ನಿಮ್ಮ ಅತ್ತೆಯವರಿಗೆ ಫಿಲಡೆಲ್ಫಿಯಾ ಒಗ್ಗುತ್ತದೆ. ವಿಲಿಯಂ ಪೆನ್ 1682ರಲ್ಲಿ ಹಾಕಿಸಿದ ನಕ್ಷೆಯೇ ಇಂದಿಗೂ ಊರಿನ ನಡುಭಾಗದಲ್ಲಿದೆ: ನೇರ ಬೀದಿಗಳು, ಐದು ಚೌಕಗಳು. ಉತ್ತರ ದಕ್ಷಿಣದ ಬೀದಿಗಳಿಗೆ 5ನೆಯದು, 6ನೆಯದು ಎಂದು ಸಂಖ್ಯೆ. ಅಡ್ಡ ಹಾಯುವ ಬೀದಿಗಳಲ್ಲಿ ಹಲವಕ್ಕೆ ಚೆಸ್ಟ್‌ನಟ್, ವಾಲ್‌ನಟ್, ಪೈನ್ ಎಂದು ಮರಗಳ ಹೆಸರು. ಸಂಪಿಗೆ ರಸ್ತೆ, 8ನೆಯ ಕ್ರಾಸು ಎಂದು ಬದುಕಿದವರಿಗೆ ಇದು ಹೊಸದೇನೂ ಅಲ್ಲ. ನಮ್ಮ ಅಮ್ಮ ಎರಡನೆಯ ದಿನವೇ ಬೀದಿ ಎಣಿಸಿಕೊಂಡು ಒಬ್ಬರೇ ಹೋಗಿ ಬಾಳೆಹಣ್ಣು ತಂದರು.

ನೆಲ ಬಹುತೇಕ ಸಮತಟ್ಟು. 12ನೆಯ ಬೀದಿಯ ಹತ್ತಿರ ಹೋಟೆಲ್ ಹಿಡಿಯಿರಿ. ಒಂದು ದಿಕ್ಕಿಗೆ ಅರ್ಧ ಮುಕ್ಕಾಲು ಮೈಲಿ ಹೋದರೆ ಲಿಬರ್ಟಿ ಬೆಲ್ ಎಂಬ ಹಳೆಯ ಗಂಟೆ ಮತ್ತು ಅಮೆರಿಕದ ಸ್ವಾತಂತ್ರ್ಯ ಘೋಷಣೆಯಾದ ಇಂಡಿಪೆಂಡೆನ್ಸ್ ಹಾಲ್; ಇನ್ನೊಂದು ದಿಕ್ಕಿಗೆ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿ ರಿಟನ್‌ಹೌಸ್ ಚೌಕ. ಅಲ್ಲಿ ಮರದ ನೆರಳಿನಲ್ಲಿ ಬೇಕಾದಷ್ಟು ಬೆಂಚುಗಳಿವೆ, ಮಕ್ಕಳು ಹತ್ತಿ ಕೂರುವ ಕಂಚಿನ ಮೇಕೆಯೂ ಇದೆ. ಫ್ರ್ಯಾಂಕ್ಲಿನ್ ಚೌಕದಲ್ಲಿ ತಿರುಗುವ ಕುದುರೆಗಳಿವೆ. ಇಂಡಿಪೆಂಡೆನ್ಸ್ ಹಾಲ್‌ಗೆ ಸಮಯ ನಮೂದಾದ ಟಿಕೆಟನ್ನು ಮೊದಲೇ ಕಾಯ್ದಿರಿಸಿ. ಲಿಬರ್ಟಿ ಬೆಲ್ ನೋಡಲು ಟಿಕೆಟ್ ಬೇಡ.

ಊಟಕ್ಕೆ 12ನೆಯ ಬೀದಿಯಲ್ಲೇ ರೀಡಿಂಗ್ ಟರ್ಮಿನಲ್ ಮಾರುಕಟ್ಟೆ ಇದೆ, 1893ರಿಂದ ನಡೆಯುತ್ತಿರುವುದು. ತರಕಾರಿ, ಹಣ್ಣು, ಬಿಸಿ ಬ್ರೆಡ್ಡು ಎಲ್ಲವೂ ಒಂದೇ ಚಾವಣಿಯ ಕೆಳಗೆ. ಮೈಕ್ರೋವೇವ್ ಇರುವ ಕೋಣೆ ಕೇಳಿ ಪಡೆದು, ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಂಡು ಹೋಗಿ. ಡಲ್ಲಾಸಿನಿಂದ ನೇರ ವಿಮಾನವಿದೆ, ವಿಮಾನ ನಿಲ್ದಾಣದಿಂದ ಊರ ನಡುವಿಗೆ ನೇರ ರೈಲು, ಜೆಫರ್ಸನ್ ನಿಲ್ದಾಣದಲ್ಲಿ ಇಳಿದರೆ ಮಾರುಕಟ್ಟೆಯ ಪಕ್ಕದಲ್ಲೇ ಇರುತ್ತೀರಿ. ಕತ್ತಲಾದ ಮೇಲೆ ಮಾತ್ರ ಜನರಿರುವ ಬೀದಿಗಳಲ್ಲೇ ಓಡಾಡಿ.

ಜರ್ಸಿ ಸಿಟಿ, ನ್ಯೂಜೆರ್ಸಿ

ಅಷ್ಟು ದೂರ ಬರುವವರು ನ್ಯೂಯಾರ್ಕ್ ಬಿಟ್ಟು ಹೋಗುವುದು ಸರಿಯಲ್ಲ. ಲೆಕ್ಸಿಂಗ್ಟನ್ ಅವೆನ್ಯೂವಿನಲ್ಲಿ 28ನೆಯ ಬೀದಿಯ ಆಸುಪಾಸಿನಲ್ಲಿ ಇಡ್ಲಿ, ದೋಸೆ ಸಿಗುತ್ತದೆ. ಮನೆಯ ವಿಷಯವನ್ನೂ ದಂಪತಿಗಳು ಕೂತು ಮಾತಾಡಿ.

ಬಾಸ್ಟನ್

ಹೋಟೆಲ್ ಏಕೆ, ನಮ್ಮ ಮನೆಯಲ್ಲೇ ಉಳಿಯಬಹುದಿತ್ತು.

ಪ್ಲೇನೋ, ಟೆಕ್ಸಾಸ್

ಎಲ್ಲರಿಗೂ ಧನ್ಯವಾದಗಳು. ಫಿಲಡೆಲ್ಫಿಯಾಕ್ಕೆ ಟಿಕೆಟ್ ಮಾಡಿದೆವು. ಬೀದಿಗಳ ಹೆಸರನ್ನು ಅತ್ತೆಯವರಿಗೆ ಓದಿ ಹೇಳಿದೆ. ಮಾರುಕಟ್ಟೆ ಹೋಟೆಲಿನಿಂದ ಎಷ್ಟು ಕ್ರಾಸು ಎಂದು ಕೇಳಿ, ಕೈಚೀಲವನ್ನು ಕೊಕ್ಕೆಯಿಂದ ತೆಗೆದು ಪೆಟ್ಟಿಗೆಯ ಮೇಲಿಟ್ಟಿದ್ದಾರೆ. ಮಾರುಕಟ್ಟೆ ಭಾನುವಾರ ತೆರೆದಿರುತ್ತದೆಯೇ?

ಫಿಲಡೆಲ್ಫಿಯಾ

ತೆರೆದಿರುತ್ತದೆ. ಆದರೆ ಆಮಿಷ್ ಎಂಬ, ಹಳೆಯ ಕಾಲದ ರೀತಿಯಲ್ಲೇ ಬದುಕುವ ಕ್ರೈಸ್ತ ಪಂಗಡದ ರೈತರ ಮಳಿಗೆಗಳು ಅಂದು ಮುಚ್ಚಿರುತ್ತವೆ, ನೋಡಬೇಕಾದದ್ದು ಅವನ್ನೇ. ಶನಿವಾರ ಬೆಳಿಗ್ಗೆ ಬೇಗ ಹೋಗಿ. ಹೊತ್ತೇರಿದರೆ ಸ್ಟ್ರೋಲರ್ ತಿರುಗಿಸಲು ಜಾಗವಿರುವುದಿಲ್ಲ.