ಜಾತ್ರೆಗೆ ಮುಂಚೆ ಅಂಗಡಿಗೆ ಏನು ತರಿಸಲಿ?

ಶಿರಸಿಯಲ್ಲಿ ನನ್ನದು ಸಣ್ಣ ಎಲೆಕ್ಟ್ರಿಕಲ್ ಅಂಗಡಿ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆಗೆ ಬರುವ ಧ್ವನಿ-ಬೆಳಕಿನವರು ಕೇಬಲ್ ನೆಲಕ್ಕೆ ಅಂಟಿಸುವ ಗ್ಯಾಫರ್ ಟೇಪ್ ಕೇಳುತ್ತಾರೆ. ಕಂದು ಟೇಪ್ ತೋರಿಸಿದರೆ ನಕ್ಕು ಹೋಗುತ್ತಾರೆ.

ಉತ್ತರ (ಕಾರವಾರ):
ನಗದೆ ಇನ್ನೇನು! ಕಂದು ಟೇಪ್ ಕಿತ್ತರೆ ಕೇಬಲ್ಲಿಗೆಲ್ಲ ಅಂಟು. ಮರುದಿನ ಸೀಮೆಎಣ್ಣೆ ಹಾಕಿ ಒರೆಸುತ್ತಾ ಕೂರಬೇಕು, ನಾನು ಕೂತಿದ್ದೇನೆ. ಗ್ಯಾಫರ್ ಬಟ್ಟೆಯದು, ಕೈಯಲ್ಲೇ ಹರಿಯುತ್ತದೆ. ಹೊಳಪಿಲ್ಲದ ಕಪ್ಪು ತರಿಸಿ. ಬಿಳಿ ಕಾಗದದ ಟೇಪೂ ಇರಲಿ, ಸೌಂಡ್ ಮಿಕ್ಸರ್ ಮೇಲೆ ಯಾವ ಮೈಕ್ ಯಾರದು, ‘ಭಾಗವತರು’, ‘ಚೆಂಡೆ’ ಎಂದು ಬರೆಯಲು. ನಮ್ಮ ಕಡಲ ಗಾಳಿಗೆ ಕನೆಕ್ಟರ್‌ಗಳು ಹಸಿರುಗಟ್ಟುತ್ತವೆ. ಅದನ್ನು ತೆಗೆಯಲು ಕಾಂಟ್ಯಾಕ್ಟ್ ಕ್ಲೀನರ್ ಕೂಡ ಇಡಿ.

ಉತ್ತರ (ಕುಮಟಾ):
ಡಬಲ್ ಎ ಸೆಲ್ ಮರೆಯಬೇಡಿ. ಶಟರ್ ಮೇಲೆ ಮೊಬೈಲ್ ಸಂಖ್ಯೆ ಬರೆಯಿರಿ. ನಡುರಾತ್ರಿ ಕಾರ್ಡ್‌ಲೆಸ್ ಮೈಕ್ ಸತ್ತಾಗ ಯಾರೂ ಚೌಕಾಸಿ ಮಾಡುವುದಿಲ್ಲ.

ಪ್ರಶ್ನೆ ಕೇಳಿದವರು:
ಬರೆಸಿದೆ. ಹೆಂಡತಿ ಮಾತು ಬಿಟ್ಟಿದ್ದಾಳೆ.