ಆರ್ ಪ್ರಶ್ನೋತ್ತರ: ನಿಷೇಧದ ದಿನವೂ ಒಂದು ಪೆಟ್ಟಿಗೆ ಬಂಗುಡೆ!

ಪ್ರಶ್ನೆ (ಮಲ್ಪೆ): ಸರ್, ಬೋಟುಗಳು ತಂದ ಬಂಗುಡೆ ಪೆಟ್ಟಿಗೆಗಳನ್ನು ಆರ್ ಎಂಬ ಅಂಕಿಅಂಶಗಳ ಪ್ರೋಗ್ರಾಮಿಂಗ್ ಭಾಷೆಯಲ್ಲಿ, ಅದರ ಸಮ್ (ಮೊತ್ತ) ಫಂಕ್ಷನ್‌ನಿಂದ ದಿನವಾರು ಕೂಡಿಸುತ್ತೇನೆ. ಲೆಕ್ಕ ಕೊಡದ ಬೋಟುಗಳನ್ನು ಬಿಡಲು ‘ಎನ್‌ಎ = ಟ್ರೂ’ ಎಂದು ಹಾಕುತ್ತೇನೆ (ಎನ್‌ಎ ಎಂದರೆ ಲೆಕ್ಕ ಸಿಗದ ಜಾಗ). ಜೂನ್, ಜುಲೈಯ 61 ದಿನ ಯಾಂತ್ರೀಕೃತ ಬೋಟುಗಳಿಗೆ ನಿಷೇಧ. ಆದರೂ ದಿನಕ್ಕೊಂದರಂತೆ 61 ಪೆಟ್ಟಿಗೆ ತೋರಿಸುತ್ತಿದೆ. ಉಳಿದ ತಿಂಗಳುಗಳ ಸರಾಸರಿ ಸರಿಯಾಗಿಯೇ ಇದೆ.

ಉತ್ತರ: ಆ ಬಂಗುಡೆ ಕಡಲಿನದಲ್ಲ, ನಿಮ್ಮ ‘ಟ್ರೂ’ ತಂದದ್ದು. ಆ ಆರ್ಗ್ಯುಮೆಂಟಿನ (ಫಂಕ್ಷನ್‌ಗೆ ಕೊಡುವ ಮಾಹಿತಿಯ) ಪೂರ್ತಿ ಹೆಸರು ‘ಎನ್‌ಎ.ಆರ್‌ಎಂ’. ಸರಾಸರಿ ತೆಗೆಯುವ ಮೀನ್ ಫಂಕ್ಷನ್ ಅರ್ಧ ಹೆಸರನ್ನೂ ಗುರುತಿಸುತ್ತದೆ. ಸಮ್‌ನಲ್ಲಿ ಮೂರು ಚುಕ್ಕಿಗಳು (ಎಷ್ಟು ಸಂಖ್ಯೆ ಕೊಟ್ಟರೂ ಹಿಡಿಯುವ ಜಾಗ) ಮೊದಲು, ಈ ಹೆಸರು ಆಮೇಲೆ. ಚುಕ್ಕಿಗಳ ನಂತರದ ಹೆಸರನ್ನು ಪೂರ್ತಿ ಬರೆಯದಿದ್ದರೆ ಅದನ್ನೂ ಕೂಡಿಸಬೇಕಾದ ಸಂಖ್ಯೆಯೆಂದೇ ಎಣಿಸುತ್ತದೆ. ಟ್ರೂ ಎಂದರೆ 1. 12 ಮತ್ತು 18ರ ಜೊತೆ ‘ಎನ್‌ಎ = ಟ್ರೂ’ ಕೊಟ್ಟು ನೋಡಿ, 31 ಬರುತ್ತದೆ. ದೋಷವೂ ಇಲ್ಲ, ಎಚ್ಚರಿಕೆಯೂ ಇಲ್ಲ. ನಿಷೇಧದ ದಿನ ಸೊನ್ನೆ ಇರಬೇಕಿತ್ತು, ಹಾಗಾಗಿ ನಿಮ್ಮ ಕಣ್ಣಿಗೆ ಬಿತ್ತು. ನನಗೆ ಚಿಂತೆ ಉಳಿದ ದಿನಗಳದ್ದು: ಅಲ್ಲಿಯೂ ಒಂದೊಂದು ಪೆಟ್ಟಿಗೆ ಹೆಚ್ಚಿದೆ. ಒಂದೇ ಒಂದು ಬೋಟಿನ ಲೆಕ್ಕ ಇಲ್ಲದ ದಿನ ಮೊತ್ತವೇ ಎನ್‌ಎ ಆಗಿರುತ್ತದೆ, ನೋಡಿಕೊಳ್ಳಿ.

ಸದಸ್ಯ (ಮಂಗಳೂರು): ಸಮ್ ತಪ್ಪು, ಮೀನ್ ಸರಿ. ಮಲ್ಪೆಯವರಿಗೆ ಮೀನ್ ಕೈಕೊಡುವುದುಂಟೇ!

ಪ್ರಶ್ನೆ (ಕಾರ್ಕಳ): ಕೊಡದೆಯೂ ಇರಬಹುದಾದ ಆರ್ಗ್ಯುಮೆಂಟಿಗೆ ನಲ್ (‘ಏನೂ ಇಲ್ಲ’ ಎಂಬ ಬೆಲೆ) ಇಡಬೇಕೇ, ಮಿಸ್ಸಿಂಗ್ (ಕೊಟ್ಟಿಲ್ಲವೇ ಎಂದು ನೋಡುವ ಫಂಕ್ಷನ್) ಬಳಸಬೇಕೇ?

ಉತ್ತರ: ನಲ್. ಒಳಗೆ ಇಸ್.ನಲ್‌ನಿಂದ ಪರೀಕ್ಷಿಸಿ.

ಪ್ರಶ್ನೆ (ಮಣಿಪಾಲ): ಮಿಸ್ಸಿಂಗ್ ಬಳಸಿದರೆ ತಪ್ಪೇನು ಸರ್?

ಉತ್ತರ: ಈಗಷ್ಟೇ ಹೇಳಿದೆ. ಇನ್ನೊಂದು ಫಂಕ್ಷನ್‌ನಿಂದ ಕರೆಯುವಾಗ ‘ಕೊಟ್ಟಿಲ್ಲ’ ಎನ್ನಲು ನಲ್ ಕಳುಹಿಸಬಹುದು. ಮಿಸ್ಸಿಂಗ್‌ಗೆ ಏನನ್ನು ಕಳುಹಿಸುತ್ತೀರಿ?

ಪ್ರಶ್ನೆ (ಬ್ರಹ್ಮಾವರ): ಕೊಟ್ಟ ಆಯ್ಕೆ ಪಟ್ಟಿಯಲ್ಲಿದೆಯೇ ಎಂದು ನೋಡುವ ಮ್ಯಾಚ್.ಆರ್ಗ್ ಬಗ್ಗೆ ಸ್ವಲ್ಪ ತಿಳಿಸುವಿರಾ?

ಸದಸ್ಯ (ಕುಂದಾಪುರ): ಬಂದ ಸಂದೇಶ: ‘ಮೊದಲ ಸಾಲಿನಲ್ಲೇ ವಾರ್ನ್ = -1 ಹಾಕಿರಿ, ಎಲ್ಲ ತೊಂದರೆ ಮಾಯ.’

ಉತ್ತರ: ಮಾಯವಾಗುವುದು ಎಚ್ಚರಿಕೆ, ತೊಂದರೆಯಲ್ಲ. ಈ ಸಂದೇಶ ಇಲ್ಲಿಗೆ ಬರುವುದು ಇದೇ ಮೊದಲಲ್ಲ. ಇನ್ನು ಸಾಕು.

ಸದಸ್ಯ (ಕುಂದಾಪುರ): ಎರಡು ವರ್ಷದಿಂದ ಹಾಗೆಯೇ ನಡೆಸುತ್ತಿದ್ದೇನೆ, ಏನೂ ಆಗಿಲ್ಲ.

ಸದಸ್ಯ (ಮಣಿಪಾಲ): ಆಗಿದ್ದರೂ ನಿಮಗೆ ತಿಳಿಯುವುದು ಹೇಗೆ ಮಾರಾಯರೇ?

ಸದಸ್ಯ (ಕುಂದಾಪುರ): ಪೈಥಾನ್ ಭಾಷೆ ಕಲಿತವರಿಗೆ ಈ ಕಷ್ಟವೇ ಇಲ್ಲ.

ಸದಸ್ಯ (ಮಣಿಪಾಲ): ಅಲ್ಲಿ ಖಾಲಿ ಪಟ್ಟಿಯನ್ನು ಆರ್ಗ್ಯುಮೆಂಟಿನ ಡೀಫಾಲ್ಟ್ (ಏನೂ ಕೊಡದಾಗ ಬಳಸುವ ಬೆಲೆ) ಆಗಿ ಇಟ್ಟು ನೋಡಿ. ಮೊದಲ ಕರೆಯಲ್ಲಿ ಸೇರಿಸಿದ್ದು ಎರಡನೆಯದರಲ್ಲೂ ಕುಳಿತಿರುತ್ತದೆ.

ಸದಸ್ಯ (ಕುಂದಾಪುರ): ನಿಮ್ಮನ್ನು ಕೇಳಿದವರು ಯಾರು?

ಪ್ರಶ್ನೆ (ಬ್ರಹ್ಮಾವರ): ಜಗಳ ಮುಗಿದರೆ, ಮ್ಯಾಚ್.ಆರ್ಗ್?

ಪ್ರಶ್ನೆ (ಮಲ್ಪೆ): ಪೂರ್ತಿ ಹೆಸರು ಬರೆದೆ ಸರ್, ನಿಷೇಧದ ದಿನಗಳಿಗೆ ಸೊನ್ನೆ ಬಂತು. ಆದರೆ ಕಳೆದ ವರ್ಷದ ವರದಿಯನ್ನು ಆಗಲೇ ಕೊಟ್ಟಾಗಿದೆ.

ಉತ್ತರ: ವಾಪಸ್ ತೆಗೆದುಕೊಳ್ಳಿ. ಇವತ್ತೇ.