ಸಹಾಯ ಬೇಕು: ಎರಡನೇ ಎಲೆಕ್ಟಿವ್ ಕೋಡಿಂಗಾ, ಫ್ರೆಂಚಾ?

ಮಗಳು ಬರುವ ವರ್ಷ 7ನೇ ತರಗತಿ. ಸ್ಕೂಲಿನ ಎಲೆಕ್ಟಿವ್ ಫಾರ್ಮ್ ಒಂದು ವಾರದಿಂದ ಫ್ರಿಜ್ ಬಾಗಿಲ ಮೇಲೇ ಇದೆ. ಎರಡು ಐಚ್ಛಿಕ ವಿಷಯ ಆರಿಸಬೇಕು. ಚಿತ್ರಕಲೆಗೆ ಅವಳೇ ಪೆನ್ನಲ್ಲಿ ಒತ್ತಿ ಟಿಕ್ ಹಾಕಿದ್ದಾಳೆ, ಅದರಲ್ಲಿ ಮಾತಿಲ್ಲ. ಎರಡನೇ ಕಾಲಂನಲ್ಲಿ ಪೆನ್ಸಿಲ್‌ನಿಂದ ಬರೆದು, ಅಳಿಸಿ, ಕಾಗದವೇ ತೂತು ಬೀಳುವ ಹಾಗಾಗಿದೆ.

ಮಕ್ಕಳಿಗೆ ಕೋಡಿಂಗ್ ಕಲಿಸುವ ಸ್ಕ್ರ್ಯಾಚ್‌ನಲ್ಲಿ ಬ್ಲಾಕ್ ಜೋಡಿಸಿ ಬೆಕ್ಕನ್ನು ಓಡಿಸುವುದು ಅವಳಿಗೆ ಆಗಲೇ ಗೊತ್ತು. ಕೋಡಿಂಗ್ ಕ್ಲಾಸಿನಲ್ಲೂ ಅರ್ಧ ವರ್ಷ ಅದೇ ಅಂತೆ, ಟೈಪ್ ಮಾಡಿ ಬರೆಯುವ ಪೈಥಾನ್ ಕೋಡಿಂಗ್ ಭಾಷೆ ಆಮೇಲೆ. ಬೋರ್ ಆಗಲ್ವಾ? ಫ್ರೆಂಚ್ ಎರಡು ವರ್ಷದ ಕೋರ್ಸು. ಈಗ ಬಿಟ್ಟರೆ 8ರಲ್ಲಿ ನಡುವೆ ಸೇರುವ ಹಾಗಿಲ್ಲ.

ಟೀಚರನ್ನು ಕೇಳಿದೆ. "ಮಗುವಿಗೆ ಇಷ್ಟವಾದದ್ದು ಕೊಡಿಸಿ" ಅಂದರು. ಮಗುವನ್ನು ಕೇಳಿದರೆ "ನನ್ನ ಫ್ರೆಂಡ್ ಯಾವುದು ತಗೋತಾಳೋ ಅದು" ಅನ್ನುತ್ತಾಳೆ! ಡೆಮೊ ಕ್ಲಾಸಿಗೂ ಕಳಿಸಿದೆ. ಎರಡೂ ಚೆನ್ನಾಗಿತ್ತಂತೆ.

ಕೋಡಿಂಗ್ ಆದರೆ ಮುಂದೆ ಮನೆಯಲ್ಲೇ ಕೂತು ಕಲಿಯಬಹುದು, ಭಾಷೆಗೆ ಮಾತಾಡಲು ಜೊತೆ ಬೇಕು, ಹಾಗಾಗಿ ಫ್ರೆಂಚೇ ಸರಿ ಅನ್ನುವುದು ನನ್ನ ಲೆಕ್ಕ. ಆದರೆ ಹೋಮ್‌ವರ್ಕ್ ಜಾಸ್ತಿಯಾಗಿ ಗಣಿತಕ್ಕೆ ಹೊಡೆತ ಬಿದ್ದರೆ ಅಂತ ಭಯ.

ಈ ವಯಸ್ಸಿನ ಮಕ್ಕಳಿಗೆ ಹೊಸ ಭಾಷೆ ಕೊಡಿಸಿದವರು ದಯವಿಟ್ಟು ಹೇಳಿ: ವಾರಕ್ಕೆ ಮನೆಯಲ್ಲಿ ಎಷ್ಟು ಹೊತ್ತು ಓದಬೇಕಾಯಿತು? ಬೇರೆ ವಿಷಯಗಳಿಗೆ ತೊಂದರೆ ಆಯಿತಾ? ಶುಕ್ರವಾರ ಫಾರ್ಮ್ ಕೊಡಬೇಕು.